ಲೋಟದ ಅಂಚು

ಮುಂದೆ ಹತ್ತುತ್ತಿದ್ದ ಮುದುಕ ಮತ್ತೆ ಉಗುಳಿದ. ಸ್ಕೀಗಳು ಹಿಮದಲ್ಲಿ ಕೊರೆದ ಎರಡು ಗೆರೆಗಳ ನಟ್ಟನಡುವೆ ಕಫದ ಉಂಡೆಯೊಂದು ಬಿದ್ದು, ಸಣ್ಣ ಗುಳಿ ಮಾಡಿಕೊಂಡು ಒಳಗಿಳಿಯಿತು. ನೋಡಬಾರದು ಅಂದುಕೊಂಡೇ ಸಿರಿಲ್ ನೋಡಿದ. ನೋಡಿ, ಗೆರೆಯಿಂದ ಸ್ಕೀ ಎತ್ತಿ ಪಕ್ಕದ ಮೆದುಹಿಮಕ್ಕೆ ಇಟ್ಟು, ಮೊಣಕಾಲವರೆಗೆ ಹುಗಿದು, ಬಳಸಿಕೊಂಡು ಮತ್ತೆ ಗೆರೆಗೆ ಬಂದ. ಬೆಳಗಿನಿಂದ ಹೀಗೇ. ಕಾಡಿನಂಚಿನಲ್ಲಿ ಕಾರು ನಿಲ್ಲಿಸಿ, ಸ್ಕೀಗಳ ಅಡಿಗೆ ಜಾರದ ಹಾಗೆ ರೋಮದ ಪಟ್ಟಿ ಅಂಟಿಸಿಕೊಂಡು ಹೊರಟಾಗಿನಿಂದ ಅವನ ಕಣ್ಣು ಸುತ್ತಲಿನ ಬೆಟ್ಟವನ್ನು ಬಿಟ್ಟು ಮುದುಕನನ್ನೇ ಹಿಡಿದಿತ್ತು. ಟೋಪಿಯ ಕೆಳಗಿನ ಕುತ್ತಿಗೆಯ ಸುಕ್ಕುಗಳಲ್ಲಿ ಸೇರಿಕೊಂಡ ಬೆವರು, ಒಂದು ಹೊಳ್ಳೆಯನ್ನು ಹೆಬ್ಬೆರಳಿಂದ ಒತ್ತಿ ಇನ್ನೊಂದರಿಂದ ಗಾಳಿಗೆ ಸಿಂಬಳ ಸೀಟುವ ರೀತಿ, ಸೀಟಿದ ಮೇಲೆ ಆ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ ಅದೇ ಕೈಯಿಂದ ಜೇಬಿನ ಒಣಹಣ್ಣು ತೆಗೆದು ಬಾಯಿಗೆ ಹಾಕಿಕೊಳ್ಳುವ ಸಲೀಸು.

"ಏನಪ್ಪ ಇನ್‌ಸ್ಪೆಕ್ಟರು, ದಾರಿ ಬಿಟ್ಟು ಎಲ್ಲಿಗೆ ಸವಾರಿ?" ಹಿಂದಿನಿಂದ ವಿಂಕೋ ಕೂಗಿದ. ವಿಂಕೋನದು ಊರಾಚೆ ಮರ ಕೊಯ್ಯುವ ಕಾರ್ಖಾನೆ. ಮುದುಕನ ಹಳೆಯ ಗೆಳೆಯ, ಇವತ್ತು ಮುದುಕನ ಚೀಲವನ್ನೂ ತನ್ನ ಎದೆಗೆ ಕಟ್ಟಿಕೊಂಡು ಎರಡು ಹೊಟ್ಟೆಯವನ ಹಾಗೆ ಹತ್ತುತ್ತಿದ್ದ.

ಮುದುಕ ತಿರುಗಲಿಲ್ಲ. "ಅಳಿಯಂದಿರಿಗೆ ಬೇರೆ ದಾರಿ ಬೇಕು ಕಣೋ. ನಾವು ತುಳಿದದ್ದು ಮೈಲಿಗೆ."

"ಹೌದಲ್ಲ, ಮರೆತೇಬಿಟ್ಟಿದ್ದೆ. ಮಡಿವಂತರು."

ಸಿರಿಲ್ ಮುಗುಳ್ನಕ್ಕ. ಹನ್ನೆರಡು ವರ್ಷಗಳಿಂದ ನಕ್ಕು ನಕ್ಕು ಆ ನಗೆಗೆ ಕೆನ್ನೆಯಲ್ಲಿ ಒಂದು ಜಾಗವೇ ಆಗಿಹೋಗಿತ್ತು. ಮುದುಕನ ಹೆಸರು ಲೋವ್ರೋ. ಸಿರಿಲ್‌ನ ಹೆಂಡತಿ ಮಿಲೆನಾಳ ಅಪ್ಪ. ತೊಲ್ಮಿನ್ ಊರಿನಲ್ಲಿ ಜೀವಮಾನವಿಡೀ ಹಲ್ಲಿನ ಡಾಕ್ಟರಾಗಿದ್ದು ಕಣಿವೆಯ ಅರ್ಧ ಜನರ ಬಾಯೊಳಗೆ ಬೆರಳಾಡಿಸಿದವನು. ಮದುವೆಗೆ ಮುಂಚೆ ಒಂದು ಸಲ ಸಿರಿಲ್ ಆ ಕುರ್ಚಿಯಲ್ಲಿ ಮಲಗಿದ್ದ. ಬೇರೆ ಊರಿನ ಡಾಕ್ಟರ ಹತ್ತಿರ ಹೋಗಿದ್ದರೆ ಅವಮಾನ ಮಾಡಿದ ಹಾಗೆ ಆಗುತ್ತಿತ್ತು. ಬೆಳ್ಳುಳ್ಳಿ ವಾಸನೆಯ ಉಸಿರು ಮುಖದ ಮೇಲೆ ಬೀಳುತ್ತಿತ್ತು, ಮುದುಕ ಏನೋ ಹಾಡು ಗುನುಗುತ್ತಿದ್ದ, ಕಿತ್ತ ಹಲ್ಲನ್ನು ಇಕ್ಕುಳದಲ್ಲಿ ಹಿಡಿದು ಕಣ್ಣೆದುರು ತಂದು ಅದರ ಬೇರಿನಲ್ಲಿ ನೇತಾಡುತ್ತಿದ್ದ ಕೀವಿನ ಚೀಲವನ್ನು ತೋರಿಸಿ, 'ನೋಡಿ, ಇಷ್ಟು ಕೊಳಕು ಒಳಗಿಟ್ಟುಕೊಂಡು ನನ್ನ ಮಗಳಿಗೆ ಮುತ್ತು ಕೊಡ್ತಿದ್ರಿ' ಎಂದಿದ್ದ. ಪಕ್ಕದಲ್ಲಿ ನಿಂತಿದ್ದ ನರ್ಸು ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅವತ್ತಿನಿಂದ ಅವನು ಅಳಿಯಂದಿರು. ಬೇಕೆಂದೇ ಬಹುವಚನ.

ಈಗ ಮುದುಕನ ಬಾಯಿಯೂ ಒಣಗುತ್ತಿತ್ತು. ಕರುಳಿನಲ್ಲಿ ಶುರುವಾದ ಕ್ಯಾನ್ಸರ್ ಎಲ್ಲೆಲ್ಲೋ ಹಬ್ಬಿದೆ ಎಂದು ಶರತ್ಕಾಲದಲ್ಲಿ ಆಸ್ಪತ್ರೆಯವರು ಹೇಳಿದ್ದರು. ಮುದುಕ ಔಷಧಿ ಬೇಡವೆಂದು ಮನೆಗೆ ಬಂದು ಸ್ಕೀಗಳಿಗೆ ಮೇಣ ಹಚ್ಚಲು ಕುಳಿತಿದ್ದ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಲೆನಾ ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತಾ, ಸಿರಿಲ್‌ನ ಕಡೆ ನೋಡದೆ ಹೇಳಿದ್ದಳು: "ಒಂದು ಕೇಳ್ಲಾ? ಇವತ್ತು ಒಂದೇ ಒಂದು ಸಲ ಒರೆಸದೆ ಕುಡಿ. ಅಪ್ಪನಿಗೆ ಇನ್ನೊಂದು ಚಳಿಗಾಲ ಇಲ್ಲ." ಅವನು ಆಗಲಿ ಎಂದಿದ್ದ. ಅವಳು ಎದ್ದು ಬಂದು, ಅವನ ಜಾಕೀಟಿನ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟು, ಜೇಬನ್ನು ಅಂಗೈಯಿಂದ ತಟ್ಟಿದ್ದಳು. ಅವಳ ಬೆರಳಿನ ಕೊಬ್ಬು ಜೇಬಿನ ಅಂಚಿಗೆ ಹತ್ತಿತ್ತು. ಅವಳು ಬೂಟು ಹಾಕಿಕೊಳ್ಳಲು ಹೋದಾಗ ಸಿರಿಲ್ ಮಲಗುವ ಕೋಣೆಗೆ ಹೋಗಿ, ಅವಳೇ ಇಸ್ತ್ರಿ ಮಾಡಿ ಜೋಡಿಸಿದ್ದ ಕಟ್ಟಿನಿಂದ ಇನ್ನೊಂದನ್ನು ತೆಗೆದು ಒಳಜೇಬಿಗೆ ಸೇರಿಸಿಕೊಂಡ. ಉಪಯೋಗಿಸುವುದಕ್ಕಲ್ಲ, ಸುಮ್ಮನೆ ಇರಲಿ ಎಂದು ತನಗೆ ತಾನೇ ಹೇಳಿಕೊಂಡ. ಹತ್ತುವಾಗ ಅದು ಎದೆಗೆ ಬೆಚ್ಚಗೆ ತಾಗುತ್ತಿತ್ತು, ಆ ಬೆಚ್ಚನೆಗೆ ಅವನಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಒಂದು ಲೋಟ. ಅಷ್ಟೇ ವಿಷಯ. ಊರಿನ ಪರ್ವತಸಂಘದ ಒಂದು ಸಣ್ಣ ತಂಗುಮನೆ ಓವ್ಚಾರ್ಯಾ ಬೆಟ್ಟದ ಭುಜದ ಮೇಲಿದೆ. ಚಳಿಗಾಲದಲ್ಲಿ ಅದನ್ನು ನೋಡಿಕೊಳ್ಳುವವರಿಲ್ಲ, ಒಂದು ಕೋಣೆ ಮಾತ್ರ ಬೀಗವಿಲ್ಲದೆ ತೆರೆದಿರುತ್ತದೆ. ಫೆಬ್ರವರಿಯಲ್ಲಿ ಮುದುಕ ತನ್ನವರನ್ನು ಕಟ್ಟಿಕೊಂಡು ಅಲ್ಲಿಗೆ ಹತ್ತುತ್ತಾನೆ, ಹಿಮ ಕರಗಿಸಿ ರಮ್ಮು ಸುರಿದು ಚಹಾ ಕಾಯಿಸುತ್ತಾನೆ, ನೀಲಿ ಎನಾಮೆಲ್ಲಿನ ಒಂದೇ ಲೋಟ ಕೈಯಿಂದ ಕೈಗೆ ಹೋಗುತ್ತದೆ. ಮೊದಲು ಮುದುಕ, ಕೊನೆಗೆ ಅಳಿಯ. ಬೇರೆ ಲೋಟ ಕೇಳುವುದೆಂದರೆ ಬೆಟ್ಟ ಹತ್ತುವಾಗ ಇವರ ಜೊತೆ ಒಂದೇ ಹಗ್ಗಕ್ಕೆ ಮೈ ಕಟ್ಟಿಕೊಳ್ಳುವುದಿಲ್ಲ ಎಂದ ಹಾಗೆ. ಪ್ರತಿ ವರ್ಷವೂ ಸಿರಿಲ್ ಎಲ್ಲರ ಎಂಜಲಿನ ಆ ಅಂಚನ್ನು ಕರವಸ್ತ್ರದಿಂದ ಒರೆಸಿ, ತುಟಿ ಮಾತ್ರ ಒದ್ದೆ ಮಾಡಿಕೊಂಡು, ಮಿಕ್ಕದ್ದನ್ನು ಯಾರೂ ನೋಡದಾಗ ಒಲೆಯ ಬೂದಿಗೆ ಚೆಲ್ಲುತ್ತಾ ಬಂದಿದ್ದ. ಒರೆಸುವುದನ್ನು ಎಲ್ಲರೂ ನೋಡಿದ್ದರು, ನಕ್ಕಿದ್ದರು. ಚೆಲ್ಲುವುದು ಯಾರಿಗೂ ಗೊತ್ತಿರಲಿಲ್ಲ ಎಂದು ಅವನು ನಂಬಿದ್ದ. ಇನ್ನೊಂದನ್ನೂ ಅವನು ಯಾರಿಗೂ ಹೇಳಿರಲಿಲ್ಲ. ಮುದುಕನ ಕಾಯಿಲೆಯ ಸುದ್ದಿ ಬಂದ ದಿನ ಮಿಲೆನಾ ಅವನ ಭುಜದ ಮೇಲೆ ಅಳುತ್ತಿದ್ದಾಗ ಅವನ ಮನಸ್ಸಿಗೆ ಮೊದಲು ಬಂದದ್ದು, ಸದ್ಯ, ಇನ್ನು ಆ ಲೋಟ ಇರುವುದಿಲ್ಲ.

ಮರಗಳು ಮುಗಿದು ಬಯಲು ಬಂದ ಕಡೆ ಮಂಜು ಇಳಿಯಿತು. ಆಕಾಶವೂ ನೆಲವೂ ಒಂದೇ ಆಗಿ ಸ್ಕೀಯ ತುದಿಯೂ ಕಾಣದ ಹಾಗಾದಾಗ ಎಲ್ಲರೂ ನಿಂತು ಹಳದಿ ಗಾಜಿನ ಕನ್ನಡಕ ಹಾಕಿಕೊಂಡರು. ಹಳದಿಯಲ್ಲಿ ಹಿಮದ ಏರುತಗ್ಗು ಸ್ವಲ್ಪವಾದರೂ ಗೊತ್ತಾಗುತ್ತದೆ. ಸಿರಿಲ್‌ಗೆ ಆ ಬಣ್ಣ ಯಾವತ್ತೂ ಹಿಡಿಸುತ್ತಿರಲಿಲ್ಲ. ಜಗತ್ತೆಲ್ಲ ಕಾಮಾಲೆ ಬಂದು ಮಲಗಿದ ಹಾಗೆ. ಮುದುಕ ನಡುನಡುವೆ ನಿಂತು ಸ್ಕೀ ಕೋಲುಗಳ ಮೇಲೆ ಹೊಟ್ಟೆಯೂರಿ ಬಾಗುತ್ತಿದ್ದ. ಮಿಲೆನಾ ಅವನ ಪಕ್ಕ ಹೋಗಿ ಬೆನ್ನ ಮೇಲೆ ಕೈಯಿಟ್ಟರೆ, "ಕೈ ತೆಗಿ, ನಾನೇನು ಬಸುರಿ ಹಸುವಾ?" ಎನ್ನುತ್ತಿದ್ದ. ಸಿರಿಲ್ ಆಗೆಲ್ಲ ಹಿಂದೆ ನಿಂತು ಕಾಯುತ್ತಿದ್ದ. ಅವನೂ ಹೋಗಿ ಕೈಯಿಡಬೇಕಿತ್ತು. ಆ ಬೆನ್ನಿನ ಒದ್ದೆಯನ್ನು ಅಂಗೈಯಲ್ಲಿ ನೆನೆಸಿಕೊಂಡೇ ಅವನಿಗೆ ಕೈ ಬರಲಿಲ್ಲ.

ತಂಗುಮನೆ ಸಿಕ್ಕಿದ್ದು ಅದರ ಹೊಗೆಕೊಳವೆಯಿಂದ. ಕಣಿವೆಯ ಕಡೆಯ ಬಾಗಿಲು ಗಾಳಿ ತಂದು ಗುಡ್ಡೆ ಹಾಕಿದ ಹಿಮದಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ವಿಂಕೋ ನಾಲ್ಕು ಸಲಿಕೆ ಹಿಮ ಎಸೆದು ನೋಡಿ ಬೈದುಕೊಂಡ. ಕೊನೆಗೆ ಹಿಂಬದಿಗೆ, ಬೆಟ್ಟದ ಮೇಲ್ಗಡೆಗೆ ಮುಖ ಮಾಡಿದ ಕಿಟಕಿಯ ಮರದ ಕದ ತೆರೆದು, ಒಬ್ಬೊಬ್ಬರಾಗಿ ಕಾಲು ಮೊದಲು ತೂರಿಸಿ ಒಳಗೆ ಜಾರಿದರು. ಮುದುಕನನ್ನು ವಿಂಕೋ ಕಂಕುಳಿಗೆ ಕೈ ಹಾಕಿ ಇಳಿಸಿದ.

"ಅಯ್ಯೋ ಡಾಕ್ಟ್ರೇ, ಮೂಳೆ ಬಿಟ್ರೆ ಏನೂ ಇಲ್ಲವಲ್ಲ ನಿಮ್ಮ ಹತ್ರ."

"ಬಾಕಿಯೆಲ್ಲ ನಿನ್ನ ಹೊಟ್ಟೆಗೆ ಸೇರಿದೆ."

ಕೋಣೆಯೊಳಗೆ ಕಳೆದ ವಾರದ ಜನರ ವಾಸನೆ ಹೆಪ್ಪುಗಟ್ಟಿ ಕುಳಿತಿತ್ತು. ಒಲೆ ಹತ್ತಿದ ಮೇಲೆ ಅದು ಕರಗತೊಡಗಿತು: ಒದ್ದೆ ಉಣ್ಣೆ, ಹಳೆಯ ಕಂಬಳಿ, ಯಾರದೋ ಕಾಲು, ಕರಗಿ ಮತ್ತೆ ಗಟ್ಟಿಯಾದ ಮೇಣದಬತ್ತಿ. ವಿಂಕೋ ಬೂಟಿನ ಒಳಪದರ ಕಳಚಿ ಒಲೆಯ ಮೇಲಿನ ತಂತಿಗೆ ನೇತುಹಾಕಿದ, ಅದರಿಂದ ಆವಿ ಏಳುತ್ತಿತ್ತು. ಅದರ ನೇರ ಕೆಳಗೆ ಮಿಲೆನಾ ಸಾಸೇಜು, ಬ್ರೆಡ್ಡು, ಮೂಲಂಗಿ ತುರಿ ಬಿಚ್ಚಿಟ್ಟಳು. ಇವಳಿಗೆ ಕಾಣಿಸುವುದಿಲ್ಲವೇ, ಅಥವಾ ಕಾಣದವಳ ಹಾಗೆ ಇರಲು ಇವಳಿಗೆ ಹುಟ್ಟಿನಿಂದಲೇ ಬರುತ್ತದೆಯೇ? ಕಳೆದ ಬೇಸಿಗೆಯಲ್ಲಿ ಅವನು, ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರಾಗಿ, ರಸ್ತೆಬದಿಯ ಒಂದು ಊಟದ ಮನೆಯನ್ನು ಮುಚ್ಚಿಸಿದ್ದ. ಹಸಿಮಾಂಸಕ್ಕೂ ಬ್ರೆಡ್ಡಿಗೂ ಒಂದೇ ಹಲಗೆ. ಆ ಹೆಂಗಸು ಅವನ ಮುಂದೆ ನಿಂತು ಅತ್ತಳು, ಮೂಗಿನಿಂದ ಇಳಿದದ್ದು ಮೇಲ್ದುಟಿಗೆ ಬಂತು, ಅವಳು ಅದನ್ನು ಅಂಗೈಯಿಂದ ಒರೆಸಿ ಅದೇ ಕೈಯಿಂದ ಅವನ ತೋಳು ಹಿಡಿಯಲು ಬಂದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಕಾನೂನಿನ ಪ್ರಕಾರ ಅವನದು ಸರಿಯಾಗಿಯೇ ಇತ್ತು. ಆದರೂ ಆ ಹಿಂದೆ ಸರಿದ ಹೆಜ್ಜೆ ಮಾತ್ರ ಎಷ್ಟೋ ದಿನ ಅವನ ಕಾಲಿನಲ್ಲಿ ಉಳಿದಿತ್ತು.

"ಅಳಿಯಂದಿರೇ," ಮುದುಕ ಬೆಂಚಿನ ಮೇಲೆ ಒರಗಿದ್ದವನು ಕರೆದ. "ಇವತ್ತು ಹಿಮ ನೀವು ತರಬೇಕು."

ವಿಂಕೋ ತಲೆ ಎತ್ತಿದ. ಹಿಮ ತರುವುದು ಯಾವತ್ತೂ ಮುದುಕನದೇ ಕೆಲಸ, ಬೇರೆಯವರ ಕೈಗೆ ಪಾತ್ರೆ ಕೊಟ್ಟವನಲ್ಲ. ಮಿಲೆನಾ ಸಿರಿಲ್‌ನ ಕಡೆ ನೋಡಿ ಕಣ್ಣಿನಲ್ಲೇ ಏನೋ ಹೇಳಿದಳು. ಖುಷಿಪಟ್ಟಿದ್ದಳು, ಪಾಪ.

"ಮೇಲಿನ ಹೊಸ ಹಿಮ ತರಬೇಡಿ, ಅದರಲ್ಲಿ ಬರೀ ಗಾಳಿ. ಅಗೆದು ಕೆಳಗಿನ ಗಟ್ಟಿ ಹಿಮ ತೆಗೀರಿ. ಎಲ್ಲಿಂದ ಅಂತ ಗೊತ್ತಲ್ಲ?"

ಗೊತ್ತಿತ್ತು. ಮುಚ್ಚಿಹೋದ ಬಾಗಿಲ ತಲೆಯ ಮೇಲೆ, ಒಳಗಡೆ, ಮುದುಕನೇ ಎಂದೋ ಕೆಂಪು ಬಣ್ಣದಲ್ಲಿ ಬರೆದ ಹಲಗೆಯಿತ್ತು: ಹೊರಟಾಗ ಬಲಕ್ಕೆ ಹಿಮ, ಎಡಕ್ಕೆ ಉಚ್ಚೆ. ಓದಿ ಎಲ್ಲರೂ ನಗುವ ಹಲಗೆ. ಸಿರಿಲ್ ಒಬ್ಬನೇ ಅದನ್ನು ನಗದೆ ಓದುತ್ತಿದ್ದವನು. ಈ ಮುದುಕನ ಇಡೀ ಬಾಳಿನಲ್ಲಿ ಒಪ್ಪತಕ್ಕ ಮಾತು ಇದೊಂದೇ ಎಂದು ಅವನಿಗೆ ಅನ್ನಿಸುತ್ತಿತ್ತು. ಪಾತ್ರೆ, ಸಲಿಕೆ ತೆಗೆದುಕೊಂಡು, ಕಿಟಕಿಯಿಂದ ತೆವಳಿ ಹೊರಬಂದು, ಹಳದಿ ಕನ್ನಡಕ ಸರಿಮಾಡಿಕೊಂಡು, ಅವನು ಬಲಕ್ಕೆ ತಿರುಗಿದ. ಮಂಜಿನಲ್ಲಿ ಹೆಜ್ಜೆ ಎಣಿಸಿದ ಹಾಗೆ ನಡೆದು, ಮೇಲಿನ ಹಗುರ ಹಿಮವನ್ನು ಬದಿಗೆ ಸರಿಸಿ, ಅಂಚು ಕಡಿದು ಚೌಕವಾಗಿ ಅಗೆದ. ಗಟ್ಟಿ ಹಿಮ ಇಟ್ಟಿಗೆಗಳ ಹಾಗೆ ಬಂತು. ಒಂದೊಂದನ್ನೂ ಕಣ್ಣ ಹತ್ತಿರ ತಂದು ನೋಡಿದ. ಎಲ್ಲವೂ ಹಳದಿ, ಆಕಾಶವೂ ಹಳದಿ, ಅವನ ಕೈಗವಸೂ ಹಳದಿ. ವರ್ಷಗಳ ನಂತರ ಒಂದು ಕೆಲಸ ಈ ಮನುಷ್ಯನಿಗೋಸ್ಕರ ನೆಟ್ಟಗೆ ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು, ಹೀಗೆ ಅನ್ನಿಸಿದ್ದಕ್ಕೆ ಮುಜುಗರವೂ ಆಯಿತು.

ಹಿಮ ಕರಗಿ ನೀರಾಗಿ, ಕುದಿಯಿತು. ಮುದುಕ ಎದ್ದು ಬಂದು ತಾನೇ ಚಹಾದ ಸೊಪ್ಪು, ಒಣಗಿದ ಸೇಬಿನ ಚೂರು, ನಿಂಬೆ, ಸಕ್ಕರೆ ಹಾಕಿ, ಕೊನೆಗೆ ರಮ್ಮಿನ ಶೀಷೆ ಬಗ್ಗಿಸಿದ. ಸೌಟು ಬೇಡವೆಂದು ಲೋಟವನ್ನೇ ಪಾತ್ರೆಗೆ ಮುಳುಗಿಸಿದ, ಬೆರಳು ಎರಡು ಗೆಣ್ಣು ಚಹಾದಲ್ಲಿ ಅದ್ದಿತು. ಆ ಬೆರಳು. ಸಿರಿಲ್ ಕಿಟಕಿಯ ಕಡೆ ಮುಖ ತಿರುಗಿಸಿದ. ಹುಡುಗನಾಗಿದ್ದಾಗ ಚರ್ಚಿನಲ್ಲಿ ಮಂಡಿಯೂರಿ ಸಾಲಿನಲ್ಲಿ ಕಾಯುತ್ತಿದ್ದ. ಪಕ್ಕದ ಮುದುಕಿಯ ನಾಲಿಗೆ ಮುಟ್ಟಿದ ಪಾದ್ರಿಯ ಬೆರಳು ಅದೇ ಒದ್ದೆಯಲ್ಲಿ ತನ್ನ ನಾಲಿಗೆಯ ಮೇಲೆ ಪ್ರಸಾದವಿಟ್ಟಿತ್ತು. ದೇವರ ಮೈ ಅದು, ಹಲ್ಲು ತಾಗಿಸಬಾರದು ಎಂದಿದ್ದರು. ಅವನು ಬೆಂಚಿಗೆ ವಾಪಸು ಬಂದು ಅದನ್ನು ಕರವಸ್ತ್ರಕ್ಕೆ ಉಗುಳಿದ್ದ. ಗುಡುಗು ಬರಲಿಲ್ಲ, ಏನೂ ಆಗಲಿಲ್ಲ, ಮನೆಗೆ ಬಂದು ಎಲ್ಲರ ಜೊತೆ ಊಟ ಮಾಡಿದ. ಸಿರಿಲ್‌ನ ಬೆನ್ನ ಹಿಂದೆ ಮುದುಕ ಸದ್ದು ಮಾಡಿಕೊಂಡು ಹೀರಿ, ಮೀಸೆ ಸವರಿ, ಲೋಟವನ್ನು ವಿಂಕೋಗೆ ದಾಟಿಸಿದ.

"ಇವತ್ತು ಒಂಥರಾ ಗತ್ತು ಬಂದಿದೆ ಚಹಾಕ್ಕೆ," ವಿಂಕೋ ನಾಲಿಗೆ ಚಪ್ಪರಿಸಿದ. "ಏನ್ ಹಾಕಿದ್ರಿ ಡಾಕ್ಟ್ರೇ?"

"ನಾನೇನೂ ಹಾಕಿಲ್ಲ. ಅಳಿಯಂದಿರ ಕೈಗುಣ."

ಮಿಲೆನಾ ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ಕೊನೆಯ ತೊಟ್ಟಿನವರೆಗೆ ಕುಡಿದಳು. ಕುಡಿದು ಲೋಟವನ್ನು ಮತ್ತೆ ತುಂಬಿಸಿ ಸಿರಿಲ್‌ನ ಕಡೆ ಹಿಡಿದಳು. ಅಂಚಿನಲ್ಲಿ ಒಂದು ಕಡೆ ಕೊಬ್ಬಿನ ಜಿಡ್ಡಿತ್ತು, ಅದು ವಿಂಕೋನ ಸಾಸೇಜಿನದು. ಇನ್ನೊಂದು ಕಡೆ ಸೇಬಿನ ಸಿಪ್ಪೆಯ ಚೂರು, ಅದು ಯಾರ ಬಾಯಿಂದ ಬಂತೋ. ಮೂವರೂ ಅವನನ್ನೇ ನೋಡುತ್ತಿದ್ದರು.

"ಪಾತ್ರೆ ಖಾಲಿಯಾಗ್ತಾ ಬಂತು," ಎಂದ ಸಿರಿಲ್. "ಮೊದಲು ಇನ್ನೊಂದು ಪಾತ್ರೆ ಹಿಮ ತಂದುಬಿಡ್ತೀನಿ. ಬಂದು ಕುಡಿತೀನಿ."

"ಸಿರಿಲ್," ಎಂದಳು ಮಿಲೆನಾ ಮೆಲ್ಲಗೆ.

"ಬಂದು ಕುಡಿತೀನಿ ಅಂದೆನಲ್ಲ."

ಇನ್ನೊಂದು ಪಾತ್ರೆ ಹಿಡಿದು ಕಿಟಕಿಯಿಂದ ತೆವಳಿದ. ಅವಸರದಲ್ಲಿ ಕನ್ನಡಕ ಒಳಗೇ ಬಿಟ್ಟಿದ್ದ. ಹೊರಗೆ ಮಂಜು ಹರಿದಿತ್ತು. ದೂರದ ಕಣಿವೆಯಲ್ಲಿ ಸೋಚಾ ನದಿಯ ತಿರುವು ಕಾಣಿಸುತ್ತಿತ್ತು, ಬೆಟ್ಟದ ತುದಿಗೆ ಬಿಸಿಲು ಬಿದ್ದಿತ್ತು, ಬೆಳ್ಳಗೆ ಬೆಳ್ಳಗೆ ಎಲ್ಲ ಕಡೆಯೂ. ಅವನು ತನ್ನ ಹೆಜ್ಜೆಗಳನ್ನೇ ಹಿಡಿದು ಬಲಕ್ಕೆ ಹೋದ, ತಾನು ಅಗೆದ ಚೌಕದ ಗುಳಿಯ ಮುಂದೆ ನಿಂತ.

ಗುಳಿಯ ಗೋಡೆಯಲ್ಲಿ ಪಟ್ಟೆಗಳಿದ್ದವು. ಮೇಲೆ ಹೊಸ ಹಿಮದ ಬಿಳಿ, ಅದರ ಕೆಳಗೆ ಕಡುಹಳದಿ, ಮತ್ತೆ ತೆಳುವಾಗಿ ಬಿಳಿ, ಮತ್ತೆ ಹಳದಿ. ಒಂದು ಕಡೆ ಕಂದು. ಚಳಿಗಾಲವಿಡೀ ವಾರವಾರವೂ ಬಂದವರೆಲ್ಲ ಬಿಟ್ಟುಹೋದದ್ದು ಹಿಮದ ಕೆಳಗೆ ಕೆಡದೆ ಪದರಪದರವಾಗಿ ಕೂತಿತ್ತು. ತಳದಲ್ಲಿ ಕಾಗದದ ಒಂದು ತುಂಡು. ಅವನು ತಲೆಯೆತ್ತಿ ತಂಗುಮನೆಯನ್ನು ನೋಡಿದ. ಹಲಗೆ ಬಾಗಿಲಿಗೆ ಬರೆದದ್ದು. ಬಾಗಿಲು ಕಣಿವೆಯ ಕಡೆಗೆ. ಅವನು ಬಂದದ್ದು ಕಿಟಕಿಯಿಂದ, ಬೆಟ್ಟದ ಕಡೆಗೆ ಮುಖ ಮಾಡಿ. ಬಾಗಿಲಿಗೆ ಯಾವುದು ಎಡವೋ ಕಿಟಕಿಗೆ ಅದು ಬಲ. ಇಷ್ಟು ಸಣ್ಣ ವಿಷಯ. ನಿಯಮವನ್ನು ಅಕ್ಷರಶಃ ಓದಿ ಹಾಗೆಯೇ ನಡೆದವನು ಇಡೀ ಸಂಘದಲ್ಲಿ ಅವನೊಬ್ಬನೇ.

ಗಂಟಲಿಗೆ ಹುಳಿ ನೀರು ಬಂತು. ನುಂಗಿದ. ಮೊದಲು ಬಂದದ್ದು ನಗು ಎಂಬುದು ಅವನಿಗೆ ಆಮೇಲೆ ಗೊತ್ತಾಯಿತು. ಮುದುಕ ಸದ್ದು ಮಾಡಿಕೊಂಡು ಹೀರಿದ್ದು, ಮೀಸೆ ಸವರಿದ್ದು, ಗತ್ತು ಬಂದಿದೆ ಎಂದ ವಿಂಕೋ. ಹನ್ನೆರಡು ವರ್ಷ ತನ್ನನ್ನು ಮಡಿವಂತ ಎಂದವರು ಊರವರ ಉಚ್ಚೆ ಕುಡಿದು ಚಪ್ಪರಿಸಿದರು. ಆ ನಗು ಎಷ್ಟು ರುಚಿಯಾಗಿತ್ತೆಂದರೆ ಅವನು ಅದನ್ನು ಬಾಯಲ್ಲಿ ಒಂದು ಕ್ಷಣ ಇಟ್ಟುಕೊಂಡ. ಆಮೇಲೆ ಮಿಲೆನಾ ನೆನಪಾದಳು, ಎರಡೂ ಕೈಯಲ್ಲಿ ಲೋಟ ಹಿಡಿದು ಕಣ್ಣು ಮುಚ್ಚಿದ್ದು. ಚೆನ್ನಾಗಿ ಕುದಿದಿದೆ, ರೋಗಾಣು ಉಳಿಯುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ: ಅವನ ಕಸುಬೇ ಅದು, ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಸಿಗೆ ಮಾತ್ರ ಕುದಿಸಿದರೆ ಸಾಯುವುದಿಲ್ಲ. ಹೇಳಿದರೆ? ಮುದುಕನ ಕೊನೆಯ ಚಹಾ ಇದು. ಮೊದಲ ಸಲ ಅಳಿಯನ ಕೈಗೆ ಪಾತ್ರೆ ಕೊಟ್ಟು ಅವನು ಕುಡಿದದ್ದು ಏನು ಎಂದು ಹೇಳುವುದೇ? ಸಂಘದಲ್ಲಿ ಈ ಕಥೆ ತಮ್ಮ ಮಕ್ಕಳ ಕಾಲಕ್ಕೂ ಉಳಿಯುತ್ತದೆ, ಮಿಲೆನಾ ಪ್ರತಿ ಸಲವೂ ತಲೆ ತಗ್ಗಿಸಿ ಕೂರುತ್ತಾಳೆ. ಹೇಳದಿದ್ದರೆ ಒಳಗೆ ತುಂಬಿಸಿಟ್ಟ ಲೋಟ ಅವನಿಗಾಗಿ ಕಾಯುತ್ತಿದೆ. ಹಲಗೆ ಬರೆದವನು ಯಾರು, ಕಿಟಕಿಗೂ ಒಂದು ಮಾತು ಬರೆಯಬಾರದಿತ್ತೇ ಎಂದು ಅವನು ಒಂದು ವಾದ ಹೂಡಿ ನೋಡಿದ. ಯಾರೆದುರಿಗೂ ಆಡಲಾಗದ ವಾದ. ಗುಳಿಯ ಮೇಲೆ ಕಾಲಿನಿಂದ ಹಿಮ ತಳ್ಳಲು ಹೋದ, ಬೂಟು ಆ ಹಳದಿಗೆ ತಾಗಿತು, ಸರಕ್ಕನೆ ಎಳೆದುಕೊಂಡ. ಮುಚ್ಚದೆ ಬಿಟ್ಟು, ತಂಗುಮನೆಯನ್ನು ಸುತ್ತಿ ಆಚೆ ಬದಿಗೆ ಹೋಗಿ, ಬೆಳ್ಳಗಿದ್ದದ್ದನ್ನು ಎರಡೆರಡು ಸಲ ನೋಡಿ ಪಾತ್ರೆ ತುಂಬಿದ.

ಒಳಗೆ ಲೋಟವನ್ನು ಒಲೆಯ ಅಂಚಿನಲ್ಲಿ ಬಿಸಿಯಾಗಿಟ್ಟಿದ್ದರು.

"ಎಷ್ಟೊತ್ತಪ್ಪ, ಹಿಮ ಉತ್ತಿ ಬಿತ್ತಿ ಬೆಳೆದು ತಂದ್ಯಾ?" ವಿಂಕೋ ಸಾಸೇಜು ಅಗಿಯುತ್ತಲೇ ಕೇಳಿದ. "ತಗೋ, ನಿನ್ನ ಪಾಲು. ಇವಳು ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ."

"ಚೂರು ಆರಲಿ."

"ಆರಿದ್ರೆ ಏನು ಕುಡಿಯೋದು? ರಮ್ಮಿನ ಘಮ ಹೋಗತ್ತೆ," ಎಂದಳು ಮಿಲೆನಾ. ಅವಳ ದನಿ ಬೆಳಗಿನ ಅಡುಗೆಮನೆಯ ದನಿಯೇ ಆಗಿತ್ತು. ತಾನು ಬರುವುದಕ್ಕೂ ಮುಂಚೆ ಲೋಟ ಉರುಳಿ ಚೆಲ್ಲಿಹೋಗಬಾರದಿತ್ತೇ ಎಂದು ಅವನಿಗೆ ಅನ್ನಿಸಿತು. ಈಗಲೂ ಮೊಣಕೈ ತಾಗಿಸಬಹುದು. ತಾಗಿಸಿದರೆ ಅದು ಅಪಘಾತವೆಂದು ಈ ಮನೆಯಲ್ಲಿ ಯಾರು ನಂಬುತ್ತಾರೆ?

ಅಷ್ಟರಲ್ಲಿ ಮುದುಕ ಹೊಟ್ಟೆ ಹಿಡಿದುಕೊಂಡು ಎದ್ದ. ಈಗೀಗ ಅವನಿಗೆ ಹೊತ್ತಿಗೊಮ್ಮೆ ಹೊರಗೆ ಹೋಗಬೇಕಾಗುತ್ತಿತ್ತು. ವಿಂಕೋ ಕಿಟಕಿಯ ತನಕ ಹೋಗಿ ಅವನನ್ನು ಹಿಂದಿನಿಂದ ಎತ್ತಿ ದಾಟಿಸಿದ. ಸಿರಿಲ್ ನಿಂತಲ್ಲೇ ನಿಂತ. ಮುದುಕ ಕಣ್ಣು ಮುಚ್ಚಿಕೊಂಡರೂ ಎಲ್ಲಿಗೆ ಹೋಗಬೇಕೆಂದು ಅವನ ಕಾಲಿಗೆ ಗೊತ್ತಿತ್ತು. ಬಾಗಿಲಿನಿಂದ ಹೊರಟರೂ ಕಿಟಕಿಯಿಂದ ಹೊರಟರೂ ಆ ಜಾಗ ಒಂದೇ. ಹಿಮದ ಮೇಲೆ ಹೆಜ್ಜೆಯ ಕಿರ್ ಕಿರ್ ಕೇಳಿಸಿತು, ದೂರವಾಯಿತು, ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ವಿಂಕೋ ಮೂಲಂಗಿ ತುರಿಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಾ ಯಾವುದೋ ಕಾಲದಲ್ಲಿ ಡಾಕ್ಟರು ಹಗ್ಗದಲ್ಲಿ ನೇತಾಡಿದ ಕಥೆ ಹೇಳುತ್ತಿದ್ದ. ಮಿಲೆನಾ ಕೇಳುತ್ತಿರಲಿಲ್ಲ, ಲೋಟವನ್ನೇ ನೋಡುತ್ತಿದ್ದಳು. ಹೆಜ್ಜೆಗಳು ಮತ್ತೆ ಶುರುವಾದವು, ಹತ್ತಿರವಾದವು.

ಮುದುಕ ಕಿಟಕಿಯಿಂದ ಇಳಿದು, ಮೊಣಕಾಲಿನ ಹಿಮ ಕೊಡವಿ, ಬಂದು ಬೆಂಚಿನ ಮೇಲೆ ಕುಳಿತ. ಅವನ ಮುಖ ಹಳದಿಗಟ್ಟಿತ್ತು, ಇದು ಕನ್ನಡಕದ ಹಳದಿಯಲ್ಲ. ಮೀಸೆಯಲ್ಲಿ ಚಹಾದ ಹನಿ ಹಾಗೇ ಇತ್ತು.

"ಮಂಜು ಹೋಯ್ತು," ಎಂದ. "ಹೊರಗೆ ಎಲ್ಲ ನಿಚ್ಚಳ ಕಾಣ್ತಿದೆ."

"ಮತ್ತೆ ತುದಿಗೆ ಹೊರಡೋಣ್ವಾ?" ಎಂದ ವಿಂಕೋ.

"ತಡಿ. ಅಳಿಯ ಇನ್ನೂ ಕುಡಿದಿಲ್ಲ."

ಅಳಿಯ ಎಂದಿದ್ದ, ಅಳಿಯಂದಿರು ಎನ್ನಲಿಲ್ಲ. ವಿಂಕೋಗೂ ಮಿಲೆನಾಗೂ ಅದು ಗಮನಕ್ಕೆ ಬಂದಂತೆ ಕಾಣಲಿಲ್ಲ. ಮುದುಕ ಬಗ್ಗಿ ಒಲೆಯ ಮೇಲಿನ ಲೋಟವನ್ನು ಎತ್ತಿ, ಆ ಉದ್ದ ಬೆರಳುಗಳಲ್ಲಿ ಅಂಚನ್ನು ಹಿಡಿದು, ಸಿರಿಲ್‌ನ ಕಡೆ ಚಾಚಿದ. ಒಂದು ಹನಿ ತುಳುಕಿ ಹೆಬ್ಬೆರಳ ಮೇಲೆ ಇಳಿಯಿತು.

"ಮಾವ," ಎಂದ ಸಿರಿಲ್. ಅವನ ದನಿ ಅವನಿಗೇ ಬೇರೆಯವರದ್ದಾಗಿ ಕೇಳಿಸಿತು. "ಆ ಹಿಮ ನಾನು..."

"ಗೊತ್ತು. ಕುಡಿ."

"ಇಲ್ಲ, ಕೇಳಿ, ನಾನು ಅದನ್ನ..."

"ನಾನು ಕುಡಿದೆ. ಇವನು ಕುಡಿದ. ನಿನ್ನ ಹೆಂಡತಿ ಕುಡಿದಳು. ಒಲೆಗೆ ಚೆಲ್ಲಬೇಡ ಇವತ್ತು. ಕುಡಿಯೋ."

ಒಲೆಯ ಮಾತು ಬಂದ ಕೂಡಲೇ ಸಿರಿಲ್‌ನ ಕಿವಿ ಬಿಸಿಯಾಯಿತು. ಹಾಗಾದರೆ ಅಷ್ಟು ವರ್ಷವೂ ನೋಡುತ್ತಿದ್ದ. ನೋಡಿ, ಮರುವರ್ಷ ಮತ್ತೆ ಅದೇ ಲೋಟ ತುಂಬಿಸಿ ಕೊಡುತ್ತಿದ್ದ. ಸಿರಿಲ್ ಲೋಟ ತೆಗೆದುಕೊಂಡ. ಅಂಚಿನಲ್ಲಿ ಜಿಡ್ಡು ಈಗ ಒಣಗಿ ಬೆಳ್ಳಗಾಗಿತ್ತು. ಅವನ ಎಡಗೈ ತಾನಾಗಿ ಎದೆಯ ಕಡೆ ಹೋಗಿ, ಒಳಜೇಬಿನ ಉಬ್ಬನ್ನು ಮುಟ್ಟಿ, ವಾಪಸು ಬಂತು. ಗುಳಿಯ ಗೋಡೆ ಕಣ್ಣಿಗೆ ಕಟ್ಟಿತು, ಒಂದೊಂದೇ ಪಟ್ಟೆ, ಕಂದು ಕೂಡ, ತಳದ ಕಾಗದ ಕೂಡ. ಅವನು ತುಟಿಯಿಟ್ಟು ಕುಡಿದ. ಒಂದು ಗುಟುಕು, ಇನ್ನೊಂದು. ನಿಂಬೆ, ರಮ್ಮು, ಸಕ್ಕರೆ, ಹೊಗೆ. ಬೇರೆ ಏನೂ ಇರಲಿಲ್ಲ. ಚಹಾ ಚೆನ್ನಾಗಿತ್ತು. ಅದೇ ಎಲ್ಲಕ್ಕಿಂತ ಹೇಸಿಗೆಯಾಗಿತ್ತು; ಹತ್ತಿ ಹತ್ತಿ ಬಳಲಿದ ಮೈ ಅದನ್ನು ಇನ್ನೂ ಬೇಕು ಬೇಕು ಎಂದು ಕೇಳುತ್ತಿತ್ತು, ನಾಯಿಯ ಹಾಗೆ. ಅರ್ಧ ಲೋಟ ಕುಡಿದು ಉಸಿರು ತೆಗೆದುಕೊಳ್ಳಲು ನಿಂತಾಗ ಮಿಲೆನಾ ಕಾಣಿಸಿದಳು. ಅವಳ ಕಣ್ಣು ತುಂಬಿತ್ತು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

"ಸಾಕು, ಕೊಡು," ಎಂದ ಮುದುಕ. "ನನಗೂ ಸ್ವಲ್ಪ ಇರಲಿ."

ಸಿರಿಲ್ ಲೋಟ ಕೊಟ್ಟ. ಮುದುಕ ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯನ್ನು ಮತ್ತೆ ಚಾಚಿದ.

"ಕರವಸ್ತ್ರ."

"ಇವತ್ತು ತಂದಿಲ್ಲ ಅಪ್ಪ, ಅವನು," ಎಂದಳು ಮಿಲೆನಾ, ಅಳು ನಗು ಎರಡೂ ಬೆರೆತ ದನಿಯಲ್ಲಿ. "ನಾನೇ ತೆಗೆದಿಟ್ಟು ಬಂದೆ."

"ಒಳಜೇಬಿಂದು," ಎಂದ ಮುದುಕ.

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಸಿರಿಲ್ ಜಾಕೀಟಿನ ಜಿಪ್ಪು ಇಳಿಸಿ ಕೈ ಹಾಕಿ ತೆಗೆದ. ನಾಲ್ಕು ಮಡಿಕೆಯಾಗಿ, ಮೂಲೆಗೆ ಮೂಲೆ ಸರಿಯಾಗಿ ಕೂಡಿಸಿ ಇಸ್ತ್ರಿ ಮಾಡಿದ್ದ ಕರವಸ್ತ್ರ. ಮಿಲೆನಾ ಅದನ್ನು ನೋಡಿದಳು. ಅವಳ ಕೈಕೆಲಸ ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ಅವಳು ಬ್ರೆಡ್ಡಿನ ಕಡೆ ತಿರುಗಿ ಕತ್ತರಿಸತೊಡಗಿದಳು, ಕತ್ತರಿಸಿದ ಬ್ರೆಡ್ಡು ಆಗಲೇ ಬೇಕಾದಷ್ಟಿತ್ತು. ಮುದುಕ ಕರವಸ್ತ್ರ ಕೊಡವಿ ಬಿಡಿಸಿದ.

"ಏನ್ ಡಾಕ್ಟ್ರೇ, ಕೊನೆಗಾಲಕ್ಕೆ ನಿಮಗೂ ಅಂಟ್ತಾ ಇವನ ಮಡಿ?" ವಿಂಕೋ ತೊಡೆ ತಟ್ಟಿಕೊಂಡು ನಕ್ಕ.

ಮುದುಕ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಲೋಟದ ಅಂಚನ್ನು ಸುತ್ತಲೂ ನಿಧಾನವಾಗಿ ಒರೆಸಿದ, ಸಿರಿಲ್‌ನ ತುಟಿ ತಾಗಿದ್ದ ಜಾಗಕ್ಕೆ ಮತ್ತೆ ಬಂದು ಇನ್ನೊಂದು ಸಲ ಒರೆಸಿದ, ಆಮೇಲೆ ಕುಡಿದ.